ಹೇಳಿ ಆರಿಸಿದ ದೀಪ

ಶಟರ್ ಅರ್ಧ ಎಳೆದುಬಿಡಿ. ಗಾಳಿಗೆ ಕಾಗದವೆಲ್ಲ ಹಾರುತ್ತಿದೆ. ಹಾಂ... ಈಗ ಕೂತುಕೊಳ್ಳಿ.

ಇದು ಕಟ್ಟಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ನಿಮಗೆಲ್ಲ ಗೊತ್ತಿರುವವಳೇ. ಇದೇ ನನ್ನ ಝೆರಾಕ್ಸ್ ಅಂಗಡಿಯ ಹಿಂದಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕಂಪ್ಯೂಟರ್ ರಿಪೇರಿ ಮಾಡುತ್ತಾಳಲ್ಲ, ಸ್ಕ್ರೂ, ಅವಳಿಗೆ. ನಡೆದರೆ ಜೇಬಿನಲ್ಲಿ ಸ್ಕ್ರೂಗಳು ಕಿಣಿಕಿಣಿ ಎನ್ನುತ್ತವೆ ಎಂದು ಆ ಹೆಸರು. ಅವಳು ಸುಳ್ಳು ಹೇಳುವವಳಲ್ಲ. ದೊಡ್ಡ ಸತ್ಯವಂತೆ ಎಂದಲ್ಲ, ಸುಳ್ಳು ಹೆಣೆಯುವಷ್ಟು ತಾಳ್ಮೆ ಅವಳಿಗಿಲ್ಲ. ದೆವ್ವ ಎಂದರೆ "ಯಾವುದೋ ಕೇಬಲ್ ಸಡಿಲ ಇರ್ಬೇಕು, ನೋಡು" ಎನ್ನುವ ಪೈಕಿ.

ಒಂದು ರಾತ್ರಿ ಅವಳು ಕೆಲಸ ಮುಗಿಸುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು. ಬಾವಿಯ ದಾರಿಯಲ್ಲಿ ಮನೆಗೆ ಹೊರಟಳು. ಆ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕೆಳಗೆ ನೀರಿದೆಯೋ ಇಲ್ಲವೋ ಯಾರೂ ನೋಡಿಲ್ಲ. ಗಾಳಿ ಬಂದರೆ ಜಾಲರಿ ಝೀಂಯ್... ಎನ್ನುತ್ತದೆ. ಅದರ ಹಿಂದೆಯೇ ಬೆತ್ತದಕ್ಕನ ಮನೆ.

ಬೆತ್ತದಕ್ಕ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ಹುಟ್ಟಿನಿಂದ ಕಣ್ಣಿಲ್ಲ. ಹೆಣಿಗೆಯಲ್ಲಿ ಒಂದು ಎಳೆ ತಪ್ಪಿದರೂ ಅವಳ ಬೆರಳಿಗೆ ಸಿಕ್ಕಿಬೀಳುತ್ತದೆ. ಗಂಡ ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಆತ ತೀರಿಹೋಗಿ ಆಗ ಎರಡು ತಿಂಗಳಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಅವಳೊಬ್ಬಳೇ.

ಅವತ್ತು ಆ ಮನೆಯ ಕಿಟಕಿಯಲ್ಲಿ ಬೆಳಕಿತ್ತು.

ಸ್ಕ್ರೂ ನಿಂತಳು. ಕಣ್ಣಿಲ್ಲದವಳು ಒಬ್ಬಳೇ ಇರುವ ಮನೆಗೆ ಈ ಹೊತ್ತಿನಲ್ಲಿ ದೀಪ ಯಾಕೆ? ಒಳಗಿಂದ ಗಂಡು ದನಿಯ ಗುಣುಗುಣು. ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ನಡುವೆ ಒಮ್ಮೆ ಸರ್ರ್... ಎಂದು ಕಾಗದ ಮಗುಚಿದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ... ಟಕ್.

ಕಿಟಕಿ ಕತ್ತಲಾಯಿತು.

ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಇವಳು ಮನೆಗೆ ಹೋಗಿ ಮಲಗಿದಳು. ನನಗೂ ಹೇಳಲಿಲ್ಲ. ಹೇಳಿದ್ದರೆ ನಾನು ಅವಳನ್ನು ಆ ಮನೆಗೆ ಕಳಿಸುತ್ತಲೇ ಇರಲಿಲ್ಲ. ಯಾಕೆ ಎನ್ನುವುದು ಕೊನೆಗೆ.

ಮಾರನೆಯ ದಿನ ಬೆತ್ತದಕ್ಕ ಕೋಲು ಕುಟ್ಟಿಕೊಂಡು ಅಂಗಡಿಗೆ ಬಂದಳು.

"ಝೆರಾಕ್ಸಮ್ಮಾ, ಸ್ಕ್ರೂ ಇದ್ದಾಳಾ? ನಮ್ಮ ಮಾತಿನಮಲ್ಲಿ ಮೂಗಿ ಆಗ್ಬಿಟ್ಟಿದ್ದಾಳೆ."

ಮಾತಿನಮಲ್ಲಿ ಎಂದರೆ ಅವಳ ಕಂಪ್ಯೂಟರ್. ಪರದೆಯ ಮೇಲೆ ಬರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿದೆ. "ದಿನವಿಡೀ ಅವಳ ಹತ್ರಾನೇ ಮಾತು, ನಾನು ಯಾವ ಲೆಕ್ಕ" ಎಂದು ಗಂಡ ಛೇಡಿಸುತ್ತಿದ್ದನಂತೆ.

"ಯಾವಾಗಿಂದ ಅಕ್ಕ?" ಹಿಂದಿನ ಮೂಲೆಯಿಂದ ಸ್ಕ್ರೂ ಕೇಳಿದಳು.

"ಅವರ ಡಿಸ್ಕ್ ಚುಚ್ಚಿದಾಗಿಂದ." ದನಿ ತಗ್ಗಿತು. "ಇಷ್ಟು ದಿನ ಧೈರ್ಯ ಬಂದಿರ್ಲಿಲ್ಲ. ಹೋದ ವಾರ ತೆಗೆದು ಚುಚ್ಚಿದೆ. ಅವತ್ತಿಂದ ಸ್ವಿಚ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಅಷ್ಟೇ. ಮಾತೇ ಇಲ್ಲ. ಡಿಸ್ಕ್ ಕೆಟ್ಟಿದ್ರೆ... ಸ್ಕ್ರೂ, ಅದು ಕೆಟ್ಟಿದ್ರೆ ನನ್ನ ಹತ್ರ ಇನ್ನೇನೂ ಇಲ್ಲ ಕಣೇ."

ಆ ಡಿಸ್ಕಿನಲ್ಲಿ ಇದ್ದದ್ದು ಅವನ ದನಿ. ಹಗಲೆಲ್ಲ ಲಿಫ್ಟಿನಲ್ಲಿ ನಿಂತು ಬಂದವನು ಸಂಜೆ ಇವಳಿಗೆ ಪುಸ್ತಕ ಓದುತ್ತಿದ್ದ. ಹಾಗೆ ಓದುವಾಗ ಮೈಕ್ ಇಟ್ಟುಕೊಂಡು ರೆಕಾರ್ಡ್ ಮಾಡುತ್ತಿದ್ದ, ಮರುದಿನ ಅವಳು ಬೆತ್ತ ಹೆಣೆಯುತ್ತ ಮತ್ತೆ ಕೇಳಲಿ ಎಂದು. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಈ ಹೊರಗಿನ ಡಿಸ್ಕ್ ತಂದಿದ್ದ. ಅಂಗೈಯಷ್ಟು ಕಪ್ಪು ಡಬ್ಬಿ, ಒಂದು ಕೇಬಲ್, ಒಂದು ಚಿಕ್ಕ ನೀಲಿ ದೀಪ. ಅದರೊಳಗೆ ಎಷ್ಟೋ ವರ್ಷದ ಸಂಜೆಗಳು. ಪ್ರತಿ ಸಂಜೆಯ ಕೊನೆಗೂ ಒಂದೇ ಮಾತು: "ಇವತ್ತಿಗೆ ಇಷ್ಟು ಸಾಕು. ಲೈಟ್ ಆರಿಸ್ತೀನಿ." ಆಮೇಲೆ ಟಕ್.

"ನನಗ್ಯಾಕ್ರೀ ಹೇಳ್ತೀರಿ? ನನಗೆ ಆರಿದ್ರೂ ಒಂದೇ, ಉರಿದ್ರೂ ಒಂದೇ" ಎಂದು ಇವಳು ನಗುತ್ತಿದ್ದಳು.

"ಮನೇಲಿ ಇನ್ನೊಬ್ಬರು ಇದ್ದಾಗ ಹೇಳಿ ಆರಿಸೋದು ಮರ್ಯಾದೆ" ಎನ್ನುತ್ತಿದ್ದ.

ಕೊನೆಯ ಪುಸ್ತಕ ಒಂದು ದಪ್ಪ ಕಾದಂಬರಿ. ಮುಗಿಯಲು ಸ್ವಲ್ಪವೇ ಉಳಿದಿತ್ತು. ಕತೆಯ ಹೆಂಗಸು ಎಷ್ಟೋ ವರ್ಷಗಳ ಮೇಲೆ ತಾನು ಬಿಟ್ಟುಹೋದ ಮನೆಯ ಮುಂದೆ ಬಂದು ನಿಂತಿದ್ದಾಳೆ. 'ಅವಳು ಚಿಲಕಕ್ಕೆ ಕೈ ಹಾಕಿದಳು.' ಅಲ್ಲಿಗೆ ಅವನು ನಿಲ್ಲಿಸಿದ. ಎದೆಯಲ್ಲಿ ಏನೋ ಹಿಡಿದ ಹಾಗಿದೆ ಎಂದನಂತೆ. ಇವಳು ಹಟ ಹಿಡಿದಳು. "ಬಾಗಿಲು ತೆರೀತೋ ಇಲ್ವೋ ಅಷ್ಟು ಹೇಳಿ ಮಲಗಿ. ಇನ್ನೊಂದೇ ಪುಟ." "ನಾಳೆ ಖಂಡಿತ ಓದ್ತೀನಿ ಮಾರಾಯ್ತಿ" ಎಂದು ಲೈಟ್ ಆರಿಸಿದ. ಇವಳು ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಲಿಫ್ಟ್ ಮೇಲಿನ ಮಹಡಿಗೆ ಹೋಗಿ ನಿಂತಿತು, ಬಾಗಿಲು ತೆರೆಯಿತು. ನಡೆಸುವವನು ಸ್ಟೂಲಿನ ಮೇಲೆ ಕೂತ ಹಾಗೆಯೇ ಇದ್ದ.

ಅವನು ತೀರಿಕೊಂಡ ವಾರವೇ ನಾನು ಹೋಗಿ ಕೇಳಿದ್ದೆ, ಉಳಿದದ್ದನ್ನು ಓದಿ ಹೇಳಲೇ ಎಂದು. ನನಗೆ ಯಾರೂ ಅಕ್ಷರ ಕಲಿಸಿದವರಲ್ಲ. ಇದೇ ಅಂಗಡಿಯಲ್ಲಿ ಮಸಿ ಹರಡಿ ಹಾಳಾದ ಹಾಳೆಗಳನ್ನು ಕೂಡಿಸಿಕೊಂಡು ಓದಲು ಕಲಿತವಳು ನಾನು. ಓದುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಬೆತ್ತದಕ್ಕ ನನ್ನ ಕೈ ಹಿಡಿದುಕೊಂಡು "ನಿಮ್ಮ ದನೀಲಿ ಬೇಡ ಅಮ್ಮ" ಎಂದಳು. ಚುಚ್ಚಿತು. ಆದರೆ ಅರ್ಥವಾಯಿತು.

ಸರಿ, ಸ್ಕ್ರೂ ಮಧ್ಯಾಹ್ನ ಅವಳ ಮನೆಗೆ ಹೋದಳು. ಕಂಪ್ಯೂಟರ್ ಇದ್ದ ಕೋಣೆಯ ಕಿಟಕಿ ಬಾವಿ ಕಡೆ, ಹಗಲಲ್ಲೂ ಮಬ್ಬು. ಆದರೆ ಒಳಗೆ ಒಳ್ಳೆಯ ಬೆಳಕಿತ್ತು.

"ದಂಡಕ್ಕೆ ಲೈಟ್ ಉರೀತಿದೆ ಅಕ್ಕ. ಆರಿಸ್ಲಾ?"

ಬೆತ್ತದಕ್ಕ ಅರ್ಧ ಹೆಣೆದ ಕುರ್ಚಿಯ ಮುಂದೆ ಕೂತಿದ್ದಳು. ಕೈ ನಿಂತುಬಿಟ್ಟಿತು.

"ಉರೀತಿದ್ಯಾ?" ಪಿಸುದನಿ.

"ಹೂಂ."

ಬೆತ್ತದಕ್ಕ ಮುಖ ಮೇಲೆತ್ತಿದಳು. "ಬೇಡ. ಇರ್ಲಿ."

ಸ್ಕ್ರೂ ಮೊದಲು ಮಾಡುವ ಕೆಲಸ ಯಾವಾಗಲೂ ಒಂದೇ, ಚುಚ್ಚಿದ್ದನ್ನೆಲ್ಲ ಕೀಳುವುದು. ಮೈಕ್ ಕಿತ್ತಳು, ಡಿಸ್ಕ್ ಕಿತ್ತಳು. ಸ್ವಿಚ್ ಹಾಕಿದರೆ ಮಾತಿನಮಲ್ಲಿ ಎದ್ದು ಪಟಪಟ ಮಾತಾಡಿದಳು. ಡಿಸ್ಕ್ ಚುಚ್ಚಿ ಮತ್ತೆ ಹಾಕಿದರೆ ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗುತ್ತಿದೆ. ಮೌನ.

"ಇಷ್ಟೇನಾ! ನಿಮ್ಮ ಮಾತಿನಮಲ್ಲಿಗೆ ಮರೆವು ಅಕ್ಕ. ಎದ್ದ ಕೂಡ್ಲೇ ತನ್ನ ಹೊಟ್ಟೇಲಿ ಇರೋದನ್ನ ಬಿಟ್ಟು, ಹೊರಗಿನ ಡಬ್ಬೀಲಿ ಹುಡುಕ್ತಾ ಕೂತಿದ್ದಾಳೆ. ಮೊದಲು ಒಳಗೆ ನೋಡು, ಆಮೇಲೆ ಹೊರಗೆ ನೋಡು ಅಂತ ಹೇಳಿದ್ರೆ ಆಯ್ತು."

ಸೆಟ್ಟಿಂಗಿಗೆ ಹೋಗಿ ಆ ಸರದಿ ಬದಲಿಸಿದಳು. ಎದ್ದಿತು. ಆದರೆ ಡಿಸ್ಕ್ ನಿಲ್ಲಲಿಲ್ಲ. ಟಿಡಿಂಗ್ ಎಂದು ಬರುವುದು, ಟುಡುಂಗ್ ಎಂದು ಹೋಗುವುದು. ಒಳಗೆ ಟಿಕ್... ಟಿಕ್... ಕ್ರ್ರ್...

"ಆ ಸದ್ದು ಏನೇ?"

"ಕರೆಂಟ್ ಸಾಲ್ತಿಲ್ಲ ಅಕ್ಕ. ಏಳೋಕೆ ಆಗದವರು ಏಳೋಕೆ ನೋಡ್ತಾರಲ್ಲ, ಹಾಗೆ."

ಮುಂದಿನ ಕಿಂಡಿ ಬಿಟ್ಟು ಹಿಂದಿನ ಕಿಂಡಿಗೆ ಚುಚ್ಚಿದಳು. ಕೇಬಲ್ ಬದಲಿಸಿ ಗಿಡ್ಡದೊಂದು ಹಾಕಿದಳು. ಟಿಕ್ ಟಿಕ್ ನಿಂತಿತು. ಗುಂಯ್... ಎಂದು ಸಮನಾಗಿ ತಿರುಗತೊಡಗಿತು.

"ಇದ್ದಾರಾ?" ಬೆತ್ತದಕ್ಕ ಕೇಳಿದಳು. ದನಿ ಇದೆಯಾ ಎಂದಲ್ಲ, ಇದ್ದಾರಾ ಎಂದು.

"ಎಲ್ಲಾ ಇದೆ ಅಕ್ಕ."

ಅವಳು ಎರಡೂ ಅಂಗೈ ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ಹಳೇ ಡಿಸ್ಕ್ ನಂಬಬಾರದು ಎಂದು ಸ್ಕ್ರೂ ಕಂಪ್ಯೂಟರಿನಲ್ಲಿ ಬೇಡದ್ದನ್ನೆಲ್ಲ ಅಳಿಸಿ ಜಾಗ ಮಾಡಿ ಪುಸ್ತಕಗಳನ್ನು ಕಾಪಿ ಮಾಡಲು ಹಾಕಿದಳು. ಅದು ಮುಗಿಯುವಷ್ಟರಲ್ಲಿ ಹೊರಗೆ ಸಂಜೆ ಕವಿದಿತ್ತು. ಇನ್ನು ಡಿಸ್ಕ್ ತೆಗೆಯೋಣ ಎಂದು ಒತ್ತಿದಳು. ಮಾತಿನಮಲ್ಲಿ ಹೇಳಿದಳು:

"ಈ ಸಾಧನ ಬಳಕೆಯಲ್ಲಿದೆ."

ತೆರೆದದ್ದನ್ನೆಲ್ಲ ಮುಚ್ಚಿದಳು. ಒತ್ತಿದಳು.

"ಈ ಸಾಧನ ಬಳಕೆಯಲ್ಲಿದೆ."

ನೀಲಿ ದೀಪ ಪಿಳಿಪಿಳಿ ಬಡಿಯುತ್ತಿತ್ತು.

"ಎಳೆದ್ಬಿಡೇ" ಎಂದಳು ಬೆತ್ತದಕ್ಕ.

"ಆಗಲ್ಲ ಅಕ್ಕ. ದೀಪ ಬಡೀವಾಗ ಎಳೀಬಾರ್ದು. ಒಳಗೆ ಏನೋ ಬರೀತಾ ಇದೆ."

ಏನು ಎಂದು ಹುಡುಕಿದಳು. ಆ ದಪ್ಪ ಕಾದಂಬರಿಯ ಕೊನೆಯ ಭಾಗ. ನೋಡನೋಡುತ್ತಿದ್ದ ಹಾಗೆ ಅದರ ಗಾತ್ರ ಹೆಚ್ಚುತ್ತಿತ್ತು. ಸ್ವಲ್ಪ... ಇನ್ನೂ ಸ್ವಲ್ಪ...

"ಮೈಕ್ ನನ್ನ ಮಡಿಲಲ್ಲೇ ಇತ್ತು ಅಕ್ಕ" ಎಂದು ಸ್ಕ್ರೂ ನನಗೆ ಆಮೇಲೆ ಎಷ್ಟು ಸಲ ಹೇಳಿದ್ದಾಳೋ. "ಯಾವುದಕ್ಕೂ ಚುಚ್ಚಿರ್ಲಿಲ್ಲ. ತುದಿ ನನ್ನ ಕೈಯಲ್ಲೇ ಇತ್ತು."

ಅದನ್ನು ತೆರೆದಳು. ಸ್ಪೀಕರಿನಲ್ಲಿ ಅವನ ದನಿ. "...ಅವಳು ಚಿಲಕಕ್ಕೆ ಕೈ ಹಾಕಿದಳು."

ನಿಲ್ಲಲಿಲ್ಲ. ಸರ್ರ್... ಎಂದು ಪುಟ ಮಗುಚಿತು.

"ಚಿಲಕ... ತುಕ್ಕು ಹಿಡಿದಿತ್ತು. ಅವಳು... ಇನ್ನೊಂದು ಕೈಯನ್ನೂ..."

ಬೆತ್ತದಕ್ಕ ಎದ್ದು ನಿಂತಳು. ಮಡಿಲಿನ ಬೆತ್ತವೆಲ್ಲ ನೆಲಕ್ಕೆ ಚೆಲ್ಲಿತು.

"ಇದು ನಾನು ಕೇಳಿಲ್ಲ" ಎಂದಳು. "ಸ್ಕ್ರೂ... ಇದು ಅವರು ಓದಿರ್ಲಿಲ್ಲ."

ದನಿ ಅವನದೇ. ಆದರೆ ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು. ಹಾ... ಹಾ... ಎಂದು ಎಳೆದುಕೊಂಡು ಮತ್ತೆ ಓದುವುದು. ಒಂದು ಸಾಲು ಮುಗಿಸಲು ಮೂರು ಸಲ ನಿಲ್ಲುವುದು. ಗಂಟಲು ಸರಿ ಮಾಡಿಕೊಳ್ಳುವುದು. ಪುಟ ಮಗುಚಲು ಬೆರಳಿಗೆ ಕಸುವಿಲ್ಲದೆ ಹಾಳೆ ಕೈಯಲ್ಲೇ ಪರಪರ ಎನ್ನುವುದು. ನಾಳೆ ಖಂಡಿತ ಓದ್ತೀನಿ ಎಂದಿದ್ದನಲ್ಲ.

"ಬಾಗಿಲು... ಸ್ವಲ್ಪ... ಅಲುಗಿ..."

"ರೀ."

ಅವಳು ಸ್ಪೀಕರಿನ ಕಡೆ ತಿರುಗಲಿಲ್ಲ. ಮಂಚದ ಪಕ್ಕದ ಕುರ್ಚಿಯ ಕಡೆ ತಿರುಗಿದಳು. ಅವನು ಕೂತು ಓದುತ್ತಿದ್ದ ಕುರ್ಚಿ, ಅವಳೇ ಹೆಣೆದದ್ದು. ಬೆತ್ತ ಕರ್ರ್ ಎಂದಿತು, ಯಾರೋ ಸರಿದು ಕೂತ ಹಾಗೆ.

"ರೀ... ಬೇಡ. ಬಾಗಿಲು ತೆರೆಯೋದು ಬೇಡ. ನಾನಿನ್ನು ಹಟ ಮಾಡಲ್ಲ. ಎಷ್ಟು ದಣಿದಿದ್ದೀರಿ..." ಅವಳು ಕುರ್ಚಿಯ ಕಡೆ ಕೈ ಚಾಚಿದಳು. "ಇವತ್ತಿಗೆ ಇಷ್ಟು ಸಾಕು."

ಓದು ನಿಂತಿತು.

ಉಸಿರು ಮಾತ್ರ ಕೇಳುತ್ತಿತ್ತು. ಒಳಗೆ... ಹೊರಗೆ... ಪುಸ್ತಕ ಪಟ್ ಎಂದು ಮುಚ್ಚಿದ ಸದ್ದು. ಆಮೇಲೆ, ಎಷ್ಟೋ ಸಮಾಧಾನದ ದನಿಯಲ್ಲಿ:

"ಲೈಟ್ ಆರಿಸ್ತೀನಿ."

ಟಕ್.

ಆ ಟಕ್ ಸ್ಪೀಕರಿನಿಂದ ಬರಲಿಲ್ಲ. ಬಾಗಿಲ ಪಕ್ಕದ ಗೋಡೆಯಿಂದ ಬಂತು. ಕೋಣೆ ಕತ್ತಲಾಯಿತು.

ಕತ್ತಲಿನಲ್ಲಿ ಬೆತ್ತದಕ್ಕನ ದನಿ ಕೇಳಿತು, ತೀರ ಮೆಲ್ಲಗೆ. ಹುಟ್ಟಿದಂದಿನಿಂದ ಯಾರನ್ನೂ ಕೇಳದಿದ್ದ ಪ್ರಶ್ನೆ.

"ಆರ್ತಾ?"

"ಆರಿತು ಅಕ್ಕ."

ನೀಲಿ ದೀಪ ಬಡಿಯುವುದನ್ನು ನಿಲ್ಲಿಸಿತು. ಯಾರೂ ಏನೂ ಒತ್ತಲಿಲ್ಲ. ಮಾತಿನಮಲ್ಲಿ ತಾನಾಗಿಯೇ ಹೇಳಿದಳು:

"ಈಗ ಸಾಧನವನ್ನು ಸುರಕ್ಷಿತವಾಗಿ ತೆಗೆಯಬಹುದು."

ಬೆತ್ತದಕ್ಕ ತಡವರಿಸಿಕೊಂಡು ಬಂದು ತಾನೇ ಕೇಬಲ್ ತೆಗೆದಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡು, ಅದು ತಣ್ಣಗಾಗುವವರೆಗೂ ಹಾಗೆಯೇ ಕೂತಿದ್ದಳು.

ಸ್ಕ್ರೂ ಅಲ್ಲಿಂದ ನೇರ ಇಲ್ಲಿಗೆ ಬಂದಳು, ನೀವು ಕೂತಿದ್ದೀರಲ್ಲ ಅಲ್ಲೇ ಕುಸಿದಳು. ನೀರು ಕುಡಿದು ಎಲ್ಲವನ್ನೂ ಹೇಳಿದಳು. ಹಿಂದಿನ ರಾತ್ರಿಯ ಕಿಟಕಿಯ ಮಾತು ನನಗೆ ತಿಳಿದದ್ದು ಆಗಲೇ. ನಾನು ಬಾಯಿ ಬಿಡಲಿಲ್ಲ.

ಪುಸ್ತಕಗಳೆಲ್ಲ ಉಳಿದಿವೆ. ಬೆತ್ತದಕ್ಕ ಈಗಲೂ ಹೆಣೆಯುತ್ತ ಕೇಳುತ್ತಾಳೆ. ಕೊನೆಯದು ಈಗ 'ಅವಳು ಚಿಲಕಕ್ಕೆ ಕೈ ಹಾಕಿದಳು' ಎನ್ನುವಲ್ಲಿಗೆ ನಿಲ್ಲುತ್ತದೆ, ಮೊದಲಿನ ಹಾಗೆ. ಆ ಕಾದಂಬರಿ ನಾನು ಓದಿದ್ದೇನೆ. ಬಾಗಿಲು ತೆರೆಯಿತೋ ಇಲ್ಲವೋ ನನಗೆ ಗೊತ್ತು. ಅವಳು ಕೇಳಿಲ್ಲ, ನಾನು ಹೇಳಿಲ್ಲ.

ಇನ್ನೊಂದು ಮಾತಿದೆ. ಇದನ್ನು ಸ್ಕ್ರೂಗೆ ಇವತ್ತಿನವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.

"ನಿಮ್ಮ ದನೀಲಿ ಬೇಡ" ಎಂದಳಲ್ಲ, ಅವತ್ತು ನಾನು ಹೊರಡಲು ಎದ್ದಾಗ ಬೆತ್ತದಕ್ಕ ನನ್ನ ಸೆರಗು ಹಿಡಿದಳು. "ಕುರ್ಚಿ ಹತ್ತಿ ಆ ಬಲ್ಬ್ ಬಿಚ್ಕೊಳ್ಳಿ. ಓದೋಕೆ ಅಂತ ಅವರು ತಂದಿದ್ದು, ಒಳ್ಳೇ ಬೆಳಕು ಅಂತಿದ್ರು. ನನಗ್ಯಾಕೆ? ನೀವು ಓದ್ತೀರಲ್ಲ" ಎಂದಳು. ಇದೇ ಕೈಯಿಂದ ಬಿಚ್ಚಿದೆ. ಆ ಕೋಣೆಯಲ್ಲಿ ಇದ್ದದ್ದು ಒಂದೇ ಹೋಲ್ಡರ್. ಅವತ್ತಿನಿಂದ ಇವತ್ತಿನವರೆಗೂ ಅದು ಖಾಲಿ. ನಂಬದಿದ್ದರೆ ನಾಳೆ ಹಗಲು ಹೋಗಿ ತಲೆ ಎತ್ತಿ ನೋಡಿ.

ಆ ಬಲ್ಬ್ ಇದೇ. ನಮ್ಮ ತಲೆಯ ಮೇಲೆ ಉರಿಯುತ್ತಿದೆಯಲ್ಲ, ಇದೇ. ಸ್ಕ್ರೂ ಅವತ್ತು ಆ ಕೋಣೆಯ ಬೆಳಕಿನಲ್ಲಿ ಕೂತು ಕೆಲಸ ಮಾಡುತ್ತಿದ್ದಾಗ ಇದು ಇಲ್ಲೇ ಇತ್ತು. ನಾನು ಇದರ ಕೆಳಗೇ ಕೂತು ಓದುತ್ತಿದ್ದೆ.

ಏಳಿ, ಹೊತ್ತಾಯಿತು. ಚಪ್ಪಲಿ ಹುಡುಕಿಕೊಳ್ಳಿ.

ಲೈಟ್ ಆರಿಸ್ತೀನಿ.