ತೊಳೆದ ಮೇಲಿನ ಅಳತೆ

ಅಧ್ಯಕ್ಷರಾದ ರಾಚಯ್ಯನವರೇ, ಶಾಲಾ ಕಮಿಟಿಯ ಹಿರಿಯರೇ, ಗುಳೇದಗುಡ್ಡದ ತಾಯಂದಿರೇ, ಸಭಿಕರೇ,

ಈ ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಹಂಚಿ, ನಾಲ್ಕು ಹಿತವಚನ ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಬಹುಮಾನ ಹಂಚಿದ್ದಾಯಿತು. ಹಿತವಚನದ ಬದಲು ನನ್ನದೊಂದು ತಪ್ಪನ್ನು ಹೇಳುತ್ತೇನೆ.

1909ರಲ್ಲಿ, ಮೂರು ವರ್ಷದ ಹಿಂದೆ, ಇದೇ ಶಾಲೆಯ ಹೊಲಿಗೆ ಶಿಕ್ಷಕಿಯನ್ನು ಆರಿಸಲು ಪರೀಕ್ಷಕಳಾಗಿ ಬಂದಿದ್ದೆ. ಈ ಊರಿನ ಲಾಲಬಿ ಒಂದು ಕೌದಿ ತಂದಿದ್ದರು. ಹಳೆಯ ಸೀರೆಯ ಚೌಕ, ಮಗ್ಗದಿಂದ ಈಗಷ್ಟೇ ಇಳಿದ ರವಿಕೆಯ ಖಣದ ಚೌಕ, ಒಂದರ ಪಕ್ಕ ಒಂದು. ಪಟ್ಟಿ ಇಟ್ಟು ಅಳೆದೆ. ಖಣದ ತುಂಡುಗಳು ಸೀರೆಯ ತುಂಡುಗಳಿಗಿಂತ ಉಗುರಿನಗಲ ದೊಡ್ಡವು! ಉಬ್ಬಿ ನಿಂತಿದ್ದವು, ಮೂಲೆಗಳಲ್ಲಿ ಹೊಲಿಗೆಗೆ ಹೊಲಿಗೆ ಕೂಡಿರಲಿಲ್ಲ.

"ಒಮ್ಮಿ ತೊಳದ ನೋಡ್ರಿ ಬಾಯಾರ, ಆಮ್ಯಾಲ ಅಳೀರಿ" ಎಂದರು ಲಾಲಬಿ.

"ನಾ ಪರೀಕ್ಷಾ ಮಾಡ್ಲಿಕ್ಕೆ ಬಂದೇನಿ, ಅರಬಿ ಒಗೀಲಿಕ್ಕಲ್ಲ" ಎಂದೆ. ಕಮಿಟಿಯವರು ನಕ್ಕರು. ನಾನೂ ನಕ್ಕೆ.

"ನಗ್ರಿ. ಕೌದಿ ನಿಮ್ಮ ಹತ್ರನ ಇರ್ಲಿ. ನಗಿ ಮುಗದ ಮ್ಯಾಲ ತೊಳೀರಿ."

ಲಾಲಬಿ ಈ ಕೆಲಸಕ್ಕೆ ತಕ್ಕವರಲ್ಲವೆಂದು ವರದಿ ಬರೆದೆ. ಆ ಕೌದಿಯನ್ನು ನಾನೇನು ಮಾಡಿದೆ? ತಪ್ಪು ಹೊಲಿಗೆಯ ಮಾದರಿಯೆಂದು ಬಾಗಲಕೋಟೆ, ಬಾದಾಮಿ, ಹುನಗುಂದದ ಶಾಲೆಗಳಿಗೆಲ್ಲ ಹೊತ್ತು ತಿರುಗಿದೆ. ಸರಿಯಾದ ಮಾದರಿ ಯಾವುದು? ಎಲ್ಲ ಚೌಕವನ್ನೂ ಒಂದೇ ಅಳತೆಗೆ ಕತ್ತರಿಸಿ ನಾನೇ ಹೊಲಿದ ಕೌದಿ!

ಕಳೆದ ತಿಂಗಳು ಇಳಕಲ್ಲಿನ ನನ್ನ ಮನೆಯಲ್ಲಿ ಎರಡೂ ಕೌದಿಗಳ ಮೇಲೆ ದೀಪದ ಎಣ್ಣೆ ಚೆಲ್ಲಿತು. ಮನೆಗೆಲಸದ ಸಂಗವ್ವ ಎರಡನ್ನೂ ಒಗೆದು ಹರವಿ, ನನ್ನನ್ನು ಕರೆದಳು. "ಬಾಯಾರ, ಇದ್ರಾಗ ಚಲೋದು ಯಾವ್ದು, ಕೆಟ್ಟದ್ದು ಯಾವ್ದು?"

ನನ್ನ ಕೌದಿಯಲ್ಲಿ ಹೊಸ ಖಣ ಕುಗ್ಗಿ, ಪಕ್ಕದ ಬಟ್ಟೆಯನ್ನು ಸೆಳೆದು, ಮೂಲೆಗಳೆಲ್ಲ ಸೊಟ್ಟಗಾಗಿದ್ದವು. ಲಾಲಬಿಯವರದು ಹಲಗೆಯಂತೆ ಸಪಾಟು. ನಾಲ್ಕು ಚೌಕ ಸೇರುವಲ್ಲಿ ನಾಲ್ಕೂ ಹೊಲಿಗೆ ಒಂದೇ ಚುಕ್ಕಿಯಲ್ಲಿ ಕೂಡಿದ್ದವು. ಎಷ್ಟು ಕುಗ್ಗುತ್ತದೆಂದು ತಿಳಿದೇ ಅವರು ಕತ್ತರಿ ಹಾಕಿದ್ದರು.

ನಾನು ಇಂಗ್ಲಿಷ್ ಪುಸ್ತಕ ಓದಿ ಹೊಲಿಗೆ ಕಲಿತವಳು. ಪುಸ್ತಕದ ಮೇಲೆ ತಪ್ಪು ಹೊರಿಸಲೇ? ಕಿವಿ ಮುಚ್ಚಿಕೋ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಮೊನ್ನೆ ಲಾಲಬಿಯವರ ಮನೆಗೆ ಹೋಗಿ, ತಪ್ಪೊಪ್ಪಿಕೊಂಡು, ಈ ಕೆಲಸಕ್ಕೆ ಬನ್ನಿರೆಂದು ಕೇಳಿದೆ. ಚಹಾ ಕೊಟ್ಟರು. "ಇನ್ನೊಮ್ಮಿ ಪರೀಕ್ಷಾಕ್ಕ ಮಾತ್ರ ನಾ ಬರಂಗಿಲ್ರಿ" ಎಂದರು. ಏಕೆ ಬರಬೇಕು?

ಅಧ್ಯಕ್ಷರೇ, ಆ ಜಾಗ ಇನ್ನೂ ಖಾಲಿಯಿದೆ. ನನ್ನ ಹಳೆಯ ವರದಿಯನ್ನು ಹಿಂತೆಗೆದುಕೊಂಡ ಪತ್ರ ನಿಮ್ಮ ಮೇಜಿನ ಮೇಲಿದೆ. ಎರಡೂ ಕೌದಿ ಇವೆ, ಪಟ್ಟಿಯೂ ಇದೆ. ಅಳೆದು ನೋಡಿ. ನಗು ಬಂದರೆ ಈ ಸಲ ನನ್ನ ಕೌದಿಯನ್ನು ನೋಡಿ ನಗಿ.

ಹಿಂದಿನ ಸಾಲಿನಲ್ಲಿ ಕುಳಿತಿರುವ ಲಾಲಬಿಯವರನ್ನು ನೀವು ನೇಮಿಸಿದರೆ, ಮೊದಲ ದಿನ ಹುಡುಗಿಯರ ಜೊತೆ ಚಾಪೆಯ ಮೇಲೆ ನಾನೂ ಕೂಡುತ್ತೇನೆ. ಬಟ್ಟೆ ತೊಳೆಯುವ ನೀರು ನಾನೇ ಸೇದಿ ತರುತ್ತೇನೆ.

ತಾಳ್ಮೆಯಿಂದ ಕೇಳಿದಿರಿ, ಅಂದು ನಾನು ಲಾಲಬಿಯವರ ಮಾತನ್ನು ಅಷ್ಟೂ ಕೇಳಿರಲಿಲ್ಲ. ನಿಮಗೆಲ್ಲ ಕೃತಜ್ಞಳು. ನಮಸ್ಕಾರ.