ಕಬಡ್ಡಿ ಬಿಡುವಿನಲ್ಲಿ ಹೇಳಿದ ಪದ

ಮಧುಗಿರಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಅವಳು ಹಣೆಗೆ ಒತ್ತಿ ಹಿಡಿದಿದ್ದ ಟವೆಲು ಕೆಂಪಾಗಿತ್ತು. ಅವನು ಮೊಬೈಲನ್ನು ಅವಳ ಮುಂದೆ ಹಿಡಿದ.

“ನೋಡು, ಅಮೇರಿಕದ ಮ್ಯಾಚ್‌ನಾಗೆ ಅರ್ಧ ಆಟ ಮುಗಿದ್ಮೇಲೆ ಸ್ಪ್ಯಾನಿಷ್ ಹಾಡು ಹಾಡಿದ್ರಂತೆ. ಇದು ನಮ್ಮ ಭಾಷೆ ಅಲ್ಲ ಅಂತ ಅಲ್ಲೂ ಜನ ಉಗೀತಾವ್ರೆ.”

“ಕಲ್ಲು ಹೊಡುದ್ರಾ?”

“ಇಲ್ಲ, ಬರೀ ಬೈದವ್ರೆ.”

“ಪುಣ್ಯವಂತರು.”

“ಕಬಡ್ಡಿ ಫೈನಲ್‌ನಾಗೆ ನಿಂಗ್ಯಾಕೆ ಬೇಕಿತ್ತು ತೆಲುಗು ಪದ ಹಾಡೋದು? ಇದೇನು ನಿನ್ನ ತೌರು ಪಾವಗಡನಾ?”

“ಬಿಡುವಿನಾಗೆ ಸ್ಟೇಜ್ ಹತ್ತಿ ಒಂದು ಪದ ಹೇಳಮ್ಮ ಅಂದ್ರು. ಕಡ್ಲೆಕಾಯಿ ಬಿಡಿಸ್ತಾ ನಮ್ಮವ್ವ ಹೇಳ್ತಿದ್ದಿದ್ದು ಹೇಳ್ದೆ. ಅದ್ಯಾವ ಭಾಷೆ ಅಂತ ನಮ್ಮೂರಾಗೆ ಯಾರೂ ಕೇಳಿಲ್ಲ.”

ಅವನು ಮೊಬೈಲನ್ನು ಜೇಬಿಗಿಟ್ಟ. ಅವಳು ಅವನ ಕಡೆ ತಿರುಗಿದಳು.

“‘ಇಳಿಸ್ರೋ ಅವಳ್ನ’ ಅಂತ ಹಿಂದಿಂದ ಒಬ್ಬ ಕೂಗ್ದ. ಆ ದನಿ ನಿಂದಲ್ವಾ?”

“ಎಲ್ಲಾರೂ ಕೂಗ್ತಿದ್ರು ಕಣೇ. ಸುಮ್ಕಿದ್ದಿದ್ರೆ ನಿನ್ನ ಗಂಡ ನಾನೇ ಅಂತ ಗೊತ್ತಾಗ್ತಿತ್ತು.”

“ಎಲ್ಲಾರೂ ಕೂಗಿದ್ದು ಆಮೇಲೆ ಕಣಯ್ಯ.”

“ವನಜಾಕ್ಷಿ!” ಎಂದು ನರ್ಸ್ ಕರೆದಳು. ಅವನು ಎದ್ದು ಕೈ ಚಾಚಿದ. ಅವಳು ಗೋಡೆ ಹಿಡಿದುಕೊಂಡು ಒಬ್ಬಳೇ ಒಳಗೆ ಹೋದಳು.