ಮೀನಿನ ಫ್ರೀಜರಿನಲ್ಲಿ ಪುಸ್ತಕ

ಗಿಮಾರಾಸ್ ದ್ವೀಪದ ದೋಣಿ ಜೆಟ್ಟಿಯಲ್ಲಿ ಮೀನಿನ ಬುಟ್ಟಿಯೊಂದಿಗೆ ಸಾಲಿನಲ್ಲಿ ನಿಂತಿದ್ದ ನೆನಿತಾಳ ಕಿವಿಗೆ ಮುಂದಿದ್ದ ಇಬ್ಬರು ಲೈಬ್ರರಿಯನ್ನರ ಮಾತು ಬಿತ್ತು. ಕಿರಿಯವಳು ಕೇಳುತ್ತಿದ್ದಳು:

“ಲೈಬ್ರರಿಯನ್ನರ ಸಂಘ ಸೇರಿದ್ರೆ ಏನು ಸಿಗುತ್ತೆ ರೊಸೆಂಡಾ ಅಕ್ಕಾ? ವರ್ಷಕ್ಕೊಂದು ಕೈಚೀಲ ತಾನೆ?”

“ಚಂಡಮಾರುತದಲ್ಲಿ ನನ್ನ ಲೈಬ್ರರಿಗೆ ನೀರು ನುಗ್ತಲ್ಲ, ಪುಸ್ತಕಾನೆಲ್ಲ ಬಿಸಿಲಿಗೆ ಹಾಕ್ತಿದ್ದೆ. ಸೆಬು ದ್ವೀಪದಿಂದ ಸಂಘದವಳೊಬ್ಬಳು ಫೋನಲ್ಲೇ ಬೈದ್ಲು. ‘ಹಾಳೆ ಅಂಟಿಕೊಳ್ತವೆ, ಮೊದಲು ಫ್ರೀಜರಿಗೆ ಹಾಕು’ ಅಂದ್ಲು.”

“ಅಷ್ಟು ದೊಡ್ಡ ಫ್ರೀಜರ್ ಎಲ್ಲಿತ್ತು?”

“ಮೀನು ಮಾರ್ಕೆಟ್ಟಲ್ಲಿ. ಆಮೇಲೆ ನಾಲ್ಕು ನಾಲ್ಕೇ ತೆಗೆದು ಒಣಗಿಸ್ದೆ. ಎಲ್ಲ ಉಳೀತು. ಈಗ ಬೆಕ್ಕುಗಳೂ ಓದೋಕೆ ಬರ್ತವೆ!”

ನೆನಿತಾ ಬುಟ್ಟಿಯತ್ತ ಬಗ್ಗಿ ನಗು ತಡೆದುಕೊಂಡಳು. ಕಿರಿಯವಳು ನಗಲಿಲ್ಲ.

“ನಮ್ಮ ಸ್ಕೂಲಲ್ಲಿ ಪುಸ್ತಕಕ್ಕೆ ಗೆದ್ದಲು ಹತ್ತಿದೆ ಅಕ್ಕಾ. ಅಲ್ಲಿ ನಾನೊಬ್ಬಳೇ. ಯಾರನ್ನ ಕೇಳ್ಲಿ?”

ದೋಣಿ ಬಂತು. ಅದರ ತುಂಬ ಸಂಘದ ಒಂದೇ ಬಣ್ಣದ ಕೈಚೀಲ ಹಿಡಿದವರು ಕೈಬೀಸುತ್ತಿದ್ದರು.

“ಅಗೋ, ಅವರನ್ನ ಕೇಳು! ಗೆದ್ದಲು ಕಾಣದವರು ಅಲ್ಲೊಬ್ಬರೂ ಇಲ್ಲ. ದೋಣಿ ಹತ್ತು ಬೇಗ.”